ಮುಚ್ಚಳ ಸೋರದ ಬಾಟಲಿ

ಆ ಜಲಪಾತದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಇನ್ನೂ ನಾಲ್ಕು ಜನ ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಈಗ ಹೋಗುವವರೇ ಸಾಲದೇ? ಕಾರ್ಕಳ ತಾಲೂಕಿನ ಮೂಡು ತುದಿಯಲ್ಲಿ, ಹೆಬ್ರಿ ದಾಟಿ, ಘಟ್ಟದ ಬುಡದ ಕಾಡಿನೊಳಗೆ ಇದೆ ಎಂದರೆ ನಮ್ಮ ಕಡೆಯವರಿಗೆ ತಿಳಿಯುತ್ತದೆ. ಮಣಿಪಾಲದ ವಿದ್ಯಾರ್ಥಿಗಳಿಗೆ ಅದು ಫಾಲ್ಸ್. ನನ್ನ ಅಮ್ಮನಿಗೆ ಅದು ತೀರ್ಥ. ಎಳ್ಳಮಾವಾಸ್ಯೆಯ ದಿನ ಅಲ್ಲಿ ಮಿಂದರೆ ಪುಣ್ಯ, ಹೋಗಲಾಗದವರು ಅಲ್ಲಿಯ ನೀರು ತರಿಸಿ ತಲೆಗೆ ಚಿಮುಕಿಸಿಕೊಂಡರೂ ಅರ್ಧ ಪುಣ್ಯ ಎಂದು ಅವಳು ನಂಬಿದ್ದಳು.

ನನ್ನ ಅಣ್ಣ ತೀರಿಹೋದದ್ದು ಆ ನೀರಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಗಷ್ಟೇ ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ.

ಕಾಪು ಹತ್ತಿರದ ಇನ್ನಂಜೆಯ ಮನೆಯಲ್ಲಿ ನಾವು ಮೂರೇ ಜನ. ಅಪ್ಪ ನಾವು ಸಣ್ಣವರಿರುವಾಗಲೇ ಹೋಗಿದ್ದರು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ದೊಡ್ಡ ಮಾಡಿದಳು. ಅಣ್ಣ ವಯರಿಂಗ್ ಕೆಲಸ ಕಲಿತಿದ್ದ. ಶಿರ್ವದಲ್ಲಿ ಗಲ್ಫಿನವರು ಕಟ್ಟಿಸುವ ದೊಡ್ಡ ಮನೆಗಳಲ್ಲಿ ಅವನಿಗೆ ವರ್ಷವಿಡೀ ಕೆಲಸ. ಒಂದೊಂದು ಮನೆಗೆ ಎಷ್ಟು ಸ್ವಿಚ್ಚು ಮಾರಾಯ್ತಿ, ಯಾವುದು ಯಾವ ಲೈಟಿನದ್ದು ಎಂದು ಗೊತ್ತಾಗದೆ ಯಜಮಾನರು ಕತ್ತಲೆಯಲ್ಲೇ ಕೂರುತ್ತಾರೆ ಎಂದು ನಗಿಸುತ್ತಿದ್ದ. ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಬಲ್ಬು. ಅದರಲ್ಲಿ ಒಂದು ಅವನ ಕೈಯಿಂದ ಎಂದೂ ಸರಿಯಾಗಲಿಲ್ಲ.

ಅಂಥ ಒಂದು ಮನೆಯಿಂದ ಅವನು ಆ ಬಾಟಲಿ ತಂದದ್ದು. ಫಾರಿನ್ ವಿಸ್ಕಿಯ ಖಾಲಿ ಬಾಟಲಿ. ದಪ್ಪ ಗಾಜು, ಚೌಕ ಮೈ, ಮೇಲೆ ಚಿನ್ನದ ಬಣ್ಣದ ಮುಚ್ಚಳ. ನಮ್ಮೂರಲ್ಲಿ ಇಂಥ ಬಾಟಲಿ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ತೆಂಗಿನೆಣ್ಣೆ, ಜೇನು, ಸೀಮೆಎಣ್ಣೆ ಎಲ್ಲವೂ ಇಂಥವುಗಳಲ್ಲೇ. ದೇವಸ್ಥಾನದ ದೀಪಕ್ಕೆ ಎಣ್ಣೆ ಕೊಂಡುಹೋಗುವುದೂ ಅದರಲ್ಲೇ. ಒಳಗಿನದ್ದನ್ನು ಕುಡಿದವರು ಯಾರೋ, ಹೊರಗಿನ ಗಾಜು ಮಾತ್ರ ನಮ್ಮದು. ಅಮ್ಮ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ನೀರು ತುಂಬಿಸಿ, ತಲೆಕೆಳಗು ಹಿಡಿದು ನೋಡಿದಳು. ಒಂದು ಹನಿಯೂ ಸೋರಲಿಲ್ಲ. ಬಂಗಾರದ ಬಳೆ ಬಂದಷ್ಟು ಖುಷಿ ಅವಳಿಗೆ. ಪಕ್ಕದ ಮನೆಯವಳನ್ನು ಕರೆದು ಮುಚ್ಚಳ ತೋರಿಸಿದಳು.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಅಣ್ಣ ಜೊತೆಗೆಲಸದ ಗೆಳೆಯರೊಂದಿಗೆ ತೀರ್ಥಕ್ಕೆ ಹೊರಟಾಗ ಅವಳು ಅದೇ ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ನಾನು ಬಾಗಿಲಲ್ಲಿ ಜಡೆ ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ನಮ್ಮ ಮಾತು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಂತ ನೀರು ತರಬೇಡ. ಊರಿಡೀ ಮಿಂದ ನೀರು ಅದು. ಮೇಲಿನಿಂದ ಬೀಳುವುದನ್ನೇ ಹಿಡಿ" ಎಂದಳು ಅಮ್ಮ.

"ನಿನಗೆ ಬೇಕಾದರೆ ಮೋಡಕ್ಕೇ ಬಾಟಲಿ ಇಟ್ಟು ಬರ್ತೇನೆ" ಎಂದ ಅಣ್ಣ.

ಅವನು ನಮ್ಮ ಮನೆಯಲ್ಲಿ ಆಡಿದ ಕೊನೆಯ ಮಾತು ಅದು.

ಅವನ ಗೆಳೆಯ ಬಂದು ಹೇಳಿದ್ದು ಇಷ್ಟು. ಎಲ್ಲರೂ ಮಿಂದಾಗಿತ್ತು, ಹೊರಡುವ ಹೊತ್ತು. ತಡಿ, ಅಮ್ಮನ ತೀರ್ಥ ಬಾಕಿ ಉಂಟು ಎಂದು ಅಣ್ಣ ಒಬ್ಬನೇ ಬಂಡೆ ಹತ್ತಿ ನೀರು ಬೀಳುವಲ್ಲಿಗೆ ಹೋದ. ಹಿಡಿದ, ಮುಚ್ಚಳ ಬಿಗಿದ. ಇಳಿಯುವಾಗ ಎರಡೂ ಕೈ ಬೇಕಲ್ಲ, ಹಾಗಾಗಿ ಬಾಟಲಿಯನ್ನು ಮೈ ಒರಸಿದ ಬೈರಾಸಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ. ಪಾಚಿಗೆ ಕಾಲು ಜಾರಿತು. ಕೆಳಗಿನ ಗುಂಡಿಯಿಂದ ಅವನನ್ನು ಎತ್ತಲು ಮರುದಿನವಾಯಿತು. ಎತ್ತಿದಾಗಲೂ ಬಾಟಲಿ ಸೊಂಟದಲ್ಲೇ ಇತ್ತು, ಒಡೆದಿರಲಿಲ್ಲ.

ದಡದಲ್ಲಿ ನಿಂತ ನೂರು ಜನರಿಗೆ ಕಂಡದ್ದು ಒಬ್ಬ ಹುಡುಗನ ಹೆಣ ಮತ್ತು ಅವನ ಸೊಂಟದ ವಿಸ್ಕಿ ಬಾಟಲಿ. ಇನ್ನೇನು ಬೇಕು? ಅದರಲ್ಲಿ ಇದ್ದದ್ದು ನೀರು ಎಂದು ಮುಚ್ಚಳ ತೆಗೆದು ನೋಡಿದವನು ಗೆಳೆಯನೊಬ್ಬನೇ. ಅವನು ಬಾಟಲಿಯನ್ನು ಹಾಗೆಯೇ ತಂದು ಅಮ್ಮನ ಮುಂದಿಟ್ಟ. ಚಿತೆಗೆ ಕೊಂಡುಹೋಗುವ ಮುಂಚೆ ಬಾಯಿಗೆ ನೀರು ಬಿಡುವ ಕ್ರಮ ಇದೆಯಲ್ಲ, ಆಗ ಅಮ್ಮ ಆ ಮುಚ್ಚಳ ತಿರುಗಿಸಿ, ಅವಳಿಗಾಗಿ ಅವನು ಹಿಡಿದ ತೀರ್ಥವನ್ನು ಅವನ ಬಾಯಿಗೇ ಬಿಟ್ಟಳು. ತನ್ನ ತಲೆಗೆ ಒಂದು ಹನಿ ಚಿಮುಕಿಸಿಕೊಳ್ಳಲಿಲ್ಲ. ಬಾಟಲಿ ಕೊಟ್ಟದ್ದು ನಾನು, ಬೀಳುವ ನೀರು ಬೇಕೆಂದದ್ದು ನಾನು ಎಂದು ಅವಳು ಅಳುತ್ತಾ ಹೇಳಿಕೊಂಡಿದ್ದರೆ ನಮಗೆ ಸಮಾಧಾನ ಹೇಳಲಿಕ್ಕಾದರೂ ಆಗುತ್ತಿತ್ತು. ಅವಳು ಹೇಳಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ. ಹೊರಗೆ ಮಾತ್ರ ಬೇರೆ ಮಾತು ಹುಟ್ಟಿ ಬೆಳೆಯಿತು. ಕುಡಿದು ಬಿದ್ದನಂತೆ. ಆಡುವವರ ಬಾಯಿ ಹಿಡಿಯಲು ಯಾರಿಂದ ಆದೀತು?

ನಮ್ಮಲ್ಲಿ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ ಉಂಟು. ಉತ್ತರಕ್ರಿಯೆ ಮುಗಿದ ಮೇಲೆ ಬಾಗಿಲಲ್ಲಿ ದೀಪ ಹಿಡಿದು ನಿಂತು, ಮನೆಯವರಲ್ಲಿ ಒಬ್ಬರು ಹೆಸರು ಹಿಡಿದು ಒಳಗೆ ಬಾ ಎಂದು ಕರೆಯುತ್ತಾರೆ. ಅಲ್ಲಿಂದ ಮುಂದೆ ಅವರು ಮನೆಯ ಹಿರಿಯರೊಂದಿಗೆ ಸೇರಿದ ಹಾಗೆ. ಮಳೆಗಾಲದ ಆಟಿ ತಿಂಗಳಲ್ಲಿ ಒಳಕೋಣೆಯಲ್ಲಿ ಎಲೆ ಹಾಕಿ ಅವರಿಗೆ ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತೇವೆ. ಆದರೆ ನೀರಿಗೆ ಬಿದ್ದು ಹೋದವರು ಬಾಗಿಲಲ್ಲಿ ಕರೆದರೆ ಬರುವುದಿಲ್ಲವಂತೆ. ಅವರು ಆ ನೀರಿನ ಬಳಿಯೇ ನಿಂತಿರುತ್ತಾರೆ. ಹೆತ್ತವಳು ಅಲ್ಲಿಗೇ ಹೋಗಿ ಕರೆದು ತರಬೇಕು.

ಇದನ್ನೆಲ್ಲ ಹೇಳಿದವರು ಅಜೆಕಾರಿನ ಮಾವ, ಅಮ್ಮನ ಅಣ್ಣ. ನಮ್ಮ ಕುಟುಂಬದಲ್ಲಿ ಯಾವ ಕ್ರಮಕ್ಕೂ ಅವರ ಮಾತೇ ಕೊನೆ. ಆದರೆ ಅಮ್ಮ ಆ ನೀರಿನ ಮುಖ ನೋಡುವುದಿಲ್ಲ ಎಂದು ಕೂತುಬಿಟ್ಟಳು. ಹಾಗಾಗಿ ಅಣ್ಣ ಹೊರಗಿನವನಾಗಿಯೇ ಉಳಿದ. ಆಟಿಯಲ್ಲಿ ಅಪ್ಪನಿಗೆ, ಅಜ್ಜಿಗೆ ಒಳಗೆ ಎಲೆ. ಅವನಿಗೆ ಹೊರಗೆ, ಜಗಲಿಯ ಕೆಳಗಿನ ಮೆಟ್ಟಿಲಲ್ಲಿ. ಆ ಮೆಟ್ಟಿಲಿಗೆ ಮಾಡಿನ ಹಂಚಿನಿಂದ ಇಳಿಯುವ ನೀರು ಬೀಳುತ್ತದೆ. ಬಡಿಸಿದ ಎಲೆ ಒದ್ದೆಯಾಗದಿರಲಿ ಎಂದು ಅಮ್ಮ ಅವನ ಹಳೆಯ ಕಪ್ಪು ಕೊಡೆಯನ್ನು ಬಿಡಿಸಿ ಎಲೆಯ ಮೇಲೆ ಇಡುತ್ತಿದ್ದಳು. ಸುಕ್ಕ, ಪತ್ರೊಡೆ, ಅವನಿಗೆ ಇಷ್ಟವಾದ ಒಣಮೀನಿನ ಚಟ್ನಿ, ಮೇಲೊಂದು ಕೊಡೆ. ನೋಡಿದವರಿಗೆ ನಗು ಬರಬಹುದು. ನನಗೆ ಬರುತ್ತಿರಲಿಲ್ಲ.

ಒಂದು ವರ್ಷ ಆಟಿಯ ಗಾಳಿಗೆ ಕೊಡೆ ಹಾರಿ ಅಂಗಳದಾಚೆ ಬಿತ್ತು. ಅಮ್ಮ ಬಾಗಿಲು ತೆಗೆದು ನೋಡುವಾಗ ಎಲೆಯ ತುಂಬ ನೀರು. ಅನ್ನ ತೇಲಿ ಮೆಟ್ಟಿಲಿಳಿದು ಹೋಗುತ್ತಿತ್ತು. ಅವಳು ಮಳೆಯಲ್ಲೇ ಇಳಿದು ಹೋಗಿ ಕೊಡೆಯನ್ನು ಹೆಕ್ಕಿ ತಂದಳು.

"ಇನ್ನು ಅವನು ಮಳೆಯಲ್ಲಿ ಉಣ್ಣುವುದು ಬೇಡ. ಕರೆದುಕೊಂಡು ಬರುವ" ಎಂದಳು.

ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಎರಡು ಸಾವಿರದ ಇಸವಿಯ ನಂತರ ಆ ತೀರ್ಥ ಎಲ್ಲರ ಬಾಯಲ್ಲಿ ಬಂದು, ಪ್ರತಿ ಭಾನುವಾರ ಜಾತ್ರೆಯಾಗಿ, ಇನ್ನೂ ಕೆಲವರು ಮುಳುಗಿ, ಕೊನೆಗೆ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ ಎಂದಾಗಿತ್ತು. ಮಗನನ್ನು ಕರೆಯಲು ಹೋಗುವ ತಾಯಿಗೂ ಗೈಡ್ ಬೇಕು. ಈ ಲೋಕದ ಕಟ್ಟುಪಾಡಿಗೆ ಏನು ಹೇಳುವುದು? ನಮ್ಮ ಜೆರಾಕ್ಸ್ ಅಂಗಡಿಗೆ ಒಂದು ಚಾರಣ ಬಳಗದ ಹುಡುಗರು ತಮ್ಮ ಪ್ರಕಟಣೆಯ ಪ್ರತಿ ತೆಗೆಸಲು ಬರುತ್ತಿದ್ದರು. ಭಾನುವಾರದ ಜಲಪಾತ ನಡಿಗೆ, ಅನುಭವಿ ಮಾರ್ಗದರ್ಶಿ, ಚಹಾ ತಿಂಡಿಯ ವ್ಯವಸ್ಥೆ ಇದೆ. ನಾನೇ ಪ್ರತಿ ತೆಗೆದು ಕೊಟ್ಟು, ನಾನೇ ಎರಡು ಹೆಸರು ಬರೆಸಿದೆ. ನನ್ನದು ಮತ್ತು ನನ್ನ ತಾಯಿಯದು.

ಮಾವ ಮೊಣಕಾಲು ನೋವಿನವರು, ಬರುವ ಹಾಗಿರಲಿಲ್ಲ. ಹಿಂದಿನ ದಿನವೇ ಇನ್ನಂಜೆಗೆ ಬಂದು ಕ್ರಮ ಹೇಳಿಕೊಟ್ಟರು. ನೀರಿನ ಬಳಿ ನಿಂತು ಮೂರು ಸಲ ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆಯಬೇಕು. ಅಲ್ಲಿಯ ಒಂದು ಸಣ್ಣ ಕಲ್ಲು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಹಿಡಿದುಕೊಳ್ಳಬೇಕು. ಅಲ್ಲಿಂದ ಮನೆಯ ಹೊಸ್ತಿಲು ದಾಟುವ ತನಕ ತಿರುಗಿ ನೋಡಬಾರದು, ಕಲ್ಲನ್ನು ನೆಲಕ್ಕಿಡಬಾರದು, ಮುಖ್ಯವಾಗಿ ಒಂದು ಮಾತೂ ಆಡಬಾರದು.

"ಮಾತಾಡಿದರೆ?" ಎಂದು ಕೇಳಿದವಳು ನಾನು.

"ಅಲ್ಲೇ ಇಳಿದು ಹೋಗ್ತಾನೆ. ಬಸ್ಸಿನಿಂದ ಇಳಿದ ಹಾಗೆ. ಎರಡನೆಯ ಸಲ ಕರೆಯುವ ಕ್ರಮ ಇಲ್ಲ" ಎಂದರು ಮಾವ. ಮತ್ತೆ ತಂಗಿಯ ಕಡೆ ತಿರುಗಿ, "ಮಾತು ಬೆಳ್ಳಿ, ಮೌನ ಬಂಗಾರ. ನೆನಪಿರಲಿ" ಎಂದರು. ಅಮ್ಮ ತಲೆ ಆಡಿಸಿದಳು. ಬೀಡಿ ಕಟ್ಟುವಾಗ ಬೆಳಿಗ್ಗೆಯಿಂದ ಸಂಜೆವರೆಗೆ ಬಾಯಿ ತೆರೆಯದ ಹೆಂಗಸು ಅವಳು. ಇದೇನು ದೊಡ್ಡ ಕೆಲಸ ಎಂದುಕೊಂಡೆವು.

ಭಾನುವಾರ ಬೆಳಿಗ್ಗೆ ಮಣಿಪಾಲದಿಂದ ವ್ಯಾನು. ಅದರಲ್ಲಿ ಹತ್ತು ಹದಿನೈದು ಜನ: ಕಾಲೇಜಿನ ಹುಡುಗ ಹುಡುಗಿಯರು, ಒಬ್ಬ ಬ್ಯಾಂಕಿನವರು ಮತ್ತು ಅವರ ಹೆಂಡತಿ, ಕ್ಯಾಮೆರಾ ನೇತುಹಾಕಿಕೊಂಡ ಇಬ್ಬರು. ಎಲ್ಲರ ಕಾಲಲ್ಲಿ ಶೂ. ಅಮ್ಮ ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ಹವಾಯಿ ಚಪ್ಪಲಿ ಹಾಕಿ, ಮಡಿಲಲ್ಲಿ ಒಗೆದ ಬಿಳಿ ಬಟ್ಟೆಯನ್ನು ಮಡಚಿ ಇಟ್ಟುಕೊಂಡಿದ್ದಳು. ಬ್ಯಾಂಕಿನವರ ಹೆಂಡತಿ ಅವಳನ್ನು ನೋಡಿ ಪ್ರೀತಿಯಿಂದಲೇ, "ನೀವೂ ಟ್ರೆಕ್ಕಿಂಗಿಗಾ ಅಮ್ಮ?" ಎಂದು ಕೇಳಿದರು.

ಅಮ್ಮನಿಗೆ ಕನ್ನಡ ಎಂದರೆ ನಾಲ್ಕನೆಯ ಕ್ಲಾಸಿನ ಪುಸ್ತಕ ಮತ್ತು ಯಕ್ಷಗಾನ. "ಹೌದು. ಪ್ರಕೃತಿಯ ಸೌಂದರ್ಯವನ್ನು ವೀಕ್ಷಿಸುವ ಸಲುವಾಗಿ" ಎಂದಳು. ಆ ಹೆಂಗಸಿಗೆ ಬಹಳ ಸಂತೋಷವಾಯಿತು. ನಾನು ಕಿಟಕಿಯ ಹೊರಗೆ ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗೈಡ್ ಹೆಬ್ರಿಯಲ್ಲಿ ಹತ್ತಿದ. ಮೂವತ್ತರ ಆಸುಪಾಸಿನವನು, ತಲೆಗೆ ಟೊಪ್ಪಿ, ಕುತ್ತಿಗೆಗೆ ಸೀಟಿ. ಮಾತಿನ ಮಲ್ಲ. ಅವನನ್ನು ಕೆಟ್ಟವನೆಂದು ಬರೆಯಲು ನನಗೆ ಆಗುವುದಿಲ್ಲ, ಎಷ್ಟು ಪ್ರಯತ್ನ ಮಾಡಿದರೂ. ವ್ಯಾನು ನಿಂತ ಮೇಲೆ ಕಾಡಿನ ದಾರಿಯಲ್ಲಿ ಅವನು ಎಲ್ಲರನ್ನೂ ನಗಿಸುತ್ತಾ, ಧೂಪದ ಮರದ ಅಂಟು ಮೂಸಲು ಕೊಡುತ್ತಾ, ಹಕ್ಕಿಯ ಕೂಗು ಕೇಳಿದರೆ ಕೈ ಎತ್ತಿ ನಿಲ್ಲಿಸುತ್ತಾ ನಡೆಸಿದ. ಹಳ್ಳ ದಾಟುವಲ್ಲಿ ಬೇರೆಯವರನ್ನು ಬಿಟ್ಟು ಅಮ್ಮನ ಕೈ ಹಿಡಿದು ದಾಟಿಸಿದ. "ನಿಮ್ಮ ಕಾಲು ಗಟ್ಟಿ ಉಂಟು ಅಮ್ಮ, ಈ ಹುಡುಗರಿಗಿಂತ ಮೇಲು" ಎಂದ. ಅಮ್ಮನ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಅವಳನ್ನು ಹಾಗೆ ಕೈಹಿಡಿದು ನಡೆಸಿದವರು ಇತ್ತೀಚೆಗೆ ಯಾರೂ ಇರಲಿಲ್ಲ.

ಜಲಪಾತಕ್ಕೆ ಸ್ವಲ್ಪ ಹಿಂದೆ ಅವನು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ. "ನೋಡಿ, ಗುಂಡಿಗೆ ಯಾರೂ ಇಳಿಯಬಾರದು, ಬಂಡೆ ಹತ್ತಬಾರದು. ಯಾಕೆ ಅಂತ ವಾಪಸ್ ಬರುವಾಗ ಹೇಳ್ತೇನೆ. ಈಗಲೇ ಹೇಳಿದರೆ ನಿಮಗೆ ಮಜಾ ಸಿಗುವುದಿಲ್ಲ" ಎಂದ.

ನೀರು ಬೀಳುವ ಜಾಗ ನಾನು ಅಂದುಕೊಂಡಷ್ಟು ಭಯಂಕರವಾಗಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು. ಬಿಸಿಲು ಬಿದ್ದು ಹೊಳೆಯುತ್ತಿತ್ತು, ಚೆಂದವಾಗಿತ್ತು. ಹುಡುಗಿಯರು ಓ ಎಂದರು, ಕ್ಯಾಮೆರಾದವರು ಮಂಡಿಯೂರಿದರು. ಅಮ್ಮ ಗುಂಡಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಲಿನ ಬೆರಳು ಒದ್ದೆಯಾಗುವಷ್ಟು ಮುಂದೆ ಹೋಗಿ ನಿಂತಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಮೊದಲು ನೋಡಿದ್ದು ಮೇಲೆ, ನೀರು ಬೀಳಲು ಶುರುವಾಗುವಲ್ಲಿ. ಆಮೇಲೆ ಪಾಚಿ ಕಟ್ಟಿದ ಆ ಬಂಡೆ. ಆಮೇಲೆ ಗುಂಡಿ. ಅಣ್ಣ ಬಿದ್ದ ದಾರಿಯಲ್ಲೇ ಅವಳ ಕಣ್ಣೂ ಇಳಿಯಿತು.

ಮತ್ತೆ ಕರೆದಳು. ಮನೆಯಲ್ಲಿ ಮಾತ್ರ ಕರೆಯುವ ಹೆಸರು ಅದು, ಇಲ್ಲಿ ಬರೆಯುವಂಥದ್ದಲ್ಲ. ನೀರಿನ ಸದ್ದಿಗೆ ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಗಂಜಿ ಆರಿಹೋಯಿತು ಬಾ ಎಂದು ಅಂಗಳದಲ್ಲಿ ನಿಂತು ಕರೆಯುತ್ತಿದ್ದಾಗ ಕುತ್ತಿಗೆಯನ್ನು ಹೇಗೆ ಮುಂದೆ ಮಾಡುತ್ತಿದ್ದಳೋ ಅದೇ ರೀತಿ. ಬಗ್ಗಿ ನೀರೊಳಗೆ ಕೈ ಹಾಕಿ ನಿಂಬೆಯಷ್ಟು ದೊಡ್ಡ ಕಲ್ಲು ತೆಗೆದಳು, ಬಟ್ಟೆಯಲ್ಲಿ ಕಟ್ಟಿದಳು, ಎದೆಗೆ ಒತ್ತಿ ಹಿಡಿದು ತಿರುಗಿದಳು. ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ ಅವಳು. ಹಸುಗೂಸನ್ನು ಎತ್ತಿಕೊಂಡವರ ಮುಖ ಅದು.

ಬ್ಯಾಂಕಿನವರ ಹೆಂಡತಿ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು ಬಂದರು. "ಅವರಿಗೆ ಇವತ್ತು ಮೌನವ್ರತ" ಎಂದೆ ನಾನು. ಹಾಗೆ ಹೇಳಬೇಕೆಂದು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಆ ಹೆಂಗಸು ಭಕ್ತಿಯಿಂದ ಅಮ್ಮನಿಗೆ ಕೈಮುಗಿದರು. ಬೆಳಿಗ್ಗೆ ಮಾತಾಡಿದ್ದರಲ್ಲ ಎಂದು ಯಾರೂ ಕೇಳಲಿಲ್ಲ.

ವಾಪಸ್ ಬರುವಾಗ ಹಳ್ಳದ ಬಳಿ ಬಿದ್ದ ಮರದ ಮೇಲೆ ಎಲ್ಲರೂ ಕೂತರು. ಅಮ್ಮ ಕೂರಲಿಲ್ಲ, ನನ್ನ ಪಕ್ಕ ನಿಂತಳು. ಗೈಡ್ ಟೊಪ್ಪಿ ಹಿಂದಕ್ಕೆ ಸರಿಸಿ, "ಈಗ ಹೇಳ್ತೇನೆ, ಯಾಕೆ ಬಂಡೆ ಹತ್ತಬಾರದು ಅಂತ" ಎಂದ. ನನಗೆ ಅಲ್ಲಿಯೇ ತಿಳಿದುಹೋಯಿತು.

"ಲೇಟಾಗ್ತದೆ, ಹೋಗುವ ಅಲ್ವಾ" ಎಂದೆ.

"ಐದು ನಿಮಿಷ ಅಕ್ಕ. ಇದು ಎಲ್ಲರೂ ಕೇಳಬೇಕಾದ್ದು" ಎಂದ.

ಕೇಳಬೇಕಾದ್ದೇ. "ಕೆಲವು ವರ್ಷದ ಹಿಂದಿನ ಕಥೆ. ಎಳ್ಳಮಾವಾಸ್ಯೆ. ಕಾಪು ಕಡೆಯ ಒಬ್ಬ ಹುಡುಗ. ಒಳ್ಳೆಯ ಫಾರಿನ್ ಮಾಲು ತಂದಿದ್ದ, ಪೂರ್ತಿ ಬಾಟಲಿ. ಗೆಳೆಯರಿಗೂ ಕೊಡದೆ ಒಬ್ಬನೇ ಹಾಕಿದ. ಹಾಕಿ, ಬಾಟಲಿ ಸೊಂಟಕ್ಕೆ ಕಟ್ಟಿಕೊಂಡು ಬಂಡೆ ಹತ್ತಿ, ಮೇಲೆ ನಿಂತು ಡ್ಯಾನ್ಸು." ಗೈಡ್ ಕೈಯನ್ನು ಮೇಲೆತ್ತಿ ಸೊಂಟ ಕುಣಿಸಿ ತೋರಿಸಿದ. ಹುಡುಗರು ನಕ್ಕರು. ಒಬ್ಬ ನೀರಿನ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಲಾಡಿದ, ಇನ್ನೂ ಜೋರಾಗಿ ನಗು. "ತೆಗೆಯುವಾಗಲೂ ಬಾಟಲಿ ಬಿಟ್ಟಿರಲಿಲ್ಲ ಮಾರಾಯ್ರೇ. ಜೀವ ಹೋದರೂ ಬಾಟಲಿ ಬೇಕು. ಅದಕ್ಕೆ ಹೇಳುವುದು, ಇಲ್ಲಿ ಬಂದು ಕುಡೀಬೇಡಿ."

ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ಅಣ್ಣನೇ ಹೇಳುತ್ತಿದ್ದ. ನಾನು ಬಾಯಿ ತೆರೆದೆ. ತೆರೆದದ್ದೇ ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಸುಮ್ಮನಿರು ಎಂದು ಅರ್ಥ ಮಾಡಿಕೊಂಡೆ. ಸರಿ, ಯಾರು ಏನು ಬೇಕಾದರೂ ಹೇಳಲಿ, ಅಣ್ಣ ಅವಳ ಎದೆಯ ಮೇಲೆ ಇದ್ದಾನೆ, ಸಂಜೆಯೊಳಗೆ ಮನೆ ಸೇರಿದರೆ ಆಯಿತು ಎಂದು ಹಲ್ಲು ಕಚ್ಚಿದೆ. ಅವಳ ಹಿಡಿತ ಸಡಿಲವಾಯಿತು. ಆಮೇಲೆ ಬಿಟ್ಟೇ ಹೋಯಿತು.

"ಆ ಬಾಟಲಿಯನ್ನು ಕೊಟ್ಟವಳು ನಾನು" ಎಂದಳು ಅಮ್ಮ.

ನಗುತ್ತಿದ್ದವರು ಇವಳಿಗೆ ಮೌನವ್ರತ ಅಲ್ಲವೇ ಎನ್ನುವಂತೆ ನೋಡಿದರು.

"ಅವನು ನನ್ನ ಮಗ. ಅವನು ಮದ್ಯಪಾನ ಮಾಡುವವನಲ್ಲ. ತೀರ್ಥವನ್ನು ತೆಗೆದುಕೊಂಡು ಬಾ ಎಂದು ನಾನು ಕಳುಹಿಸಿದೆ. ಬೀಳುವ ನೀರನ್ನೇ ಹಿಡಿ ಎಂದು ನಾನು ಹೇಳಿದೆ. ನನ್ನ ಮಾತಿಗಾಗಿ ಬಂಡೆಯನ್ನು ಹತ್ತಿದ. ಬಾಟಲಿಯಲ್ಲಿ ನೀರು ಇತ್ತು." ಒಂದೊಂದೇ ಮಾತನ್ನು ನಾಲ್ಕನೆಯ ಕ್ಲಾಸಿನ ಮಗು ಪಾಠ ಒಪ್ಪಿಸುವ ಹಾಗೆ, ತಪ್ಪಾಗಬಾರದು ಎಂಬ ಎಚ್ಚರದಿಂದ ಹೇಳಿದಳು. ಅಷ್ಟು ವರ್ಷ ಮನೆಯಲ್ಲಿ ನನ್ನ ಮುಂದೆಯೂ ಆಡದ ಮಾತನ್ನು ಗುರುತಿಲ್ಲದ ಹದಿನೈದು ಜನರ ಮುಂದೆ, ಅವಳದಲ್ಲದ ಭಾಷೆಯಲ್ಲಿ ಆಡಿದಳು.

ಗೈಡ್ ಟೊಪ್ಪಿ ತೆಗೆದ. ಓಲಾಡಿದ ಹುಡುಗ ಸೊಂಟದ ಬಾಟಲಿಯನ್ನು ಮೆಲ್ಲಗೆ ತೆಗೆದು ಬೆನ್ನ ಹಿಂದೆ ಹಿಡಿದ. "ತಪ್ಪಾಯ್ತು ಅಮ್ಮ. ನನಗೆ ಹೇಳಿದವರು ಹೀಗೆಯೇ ಹೇಳಿದ್ದು. ಇನ್ನು ಈ ಕಥೆ ಎಲ್ಲಿಯೂ ಹೇಳುವುದಿಲ್ಲ" ಎಂದ ಗೈಡ್. ಅವನ ಕಣ್ಣು ತುಂಬಿತ್ತು.

"ಹೇಳಬೇಕು. ಹೇಳಿದರೆ ಬೇರೆ ಮಕ್ಕಳು ಜಾಗ್ರತೆಯಾಗುತ್ತಾರೆ. ಬಾಟಲಿ ತಾಯಿ ಕೊಟ್ಟದ್ದು ಎಂದು ಹೇಳಿ" ಎಂದಳು ಅಮ್ಮ.

ಆಗಲೇ ಅವಳಿಗೆ ನೆನಪಾದದ್ದು. ಎದೆಯ ಮೇಲಿನ ಗಂಟನ್ನು ನೋಡಿಕೊಂಡಳು. ನನ್ನ ಕಡೆ ತಿರುಗಿ, ತುಳುವಿನಲ್ಲಿ, ಬಹಳ ಸಣ್ಣ ದನಿಯಲ್ಲಿ, "ಇಳಿದ ಅಲ್ವಾ?" ಎಂದು ಕೇಳಿದಳು.

ಇಳಿಯಲಿಲ್ಲ ಎಂದು ಹೇಳಲು ನಾನು ಯಾರು? ಕಲ್ಲಿನ ವಿಷಯ ನನ್ನಿಂದ ತಿಳಿದಾಗ ಗೈಡ್, "ಬನ್ನಿ ಅಮ್ಮ, ಪುನಃ ಹೋಗುವ. ಉಳಿದವರು ಕಾಯಲಿ, ನಾನು ಎತ್ತಿಕೊಂಡಾದರೂ ಕರೆದುಕೊಂಡು ಹೋಗ್ತೇನೆ" ಎಂದ. ಅಮ್ಮ ಬೇಡ ಎಂದು ಕೈ ಆಡಿಸಿದಳು. ಎರಡನೆಯ ಸಲ ಕರೆಯುವ ಕ್ರಮ ಇಲ್ಲ. ಅವಳು ಹಳ್ಳದ ಅಂಚಿಗೆ ಹೋಗಿ, ಗಂಟು ಬಿಚ್ಚಿ, ಕಲ್ಲನ್ನು ನೀರು ಹೆಚ್ಚು ಎಳೆಯದ ಕಡೆ ನೋಡಿ ಇಟ್ಟಳು. ಮಲಗಿಸಿದವರು ಹೊದಿಕೆ ಸರಿಮಾಡುವ ಹಾಗೆ ಅದರ ಮೇಲಿನ ಒಂದು ಎಲೆಯನ್ನು ಬದಿಗೆ ಸರಿಸಿದಳು. ಬಿಳಿ ಬಟ್ಟೆಯಿಂದ ಮುಖ ಒರಸಿಕೊಂಡಳು.

ಮನೆಯಲ್ಲಿ ಮಾವ ದೀಪ ಹಚ್ಚಿಟ್ಟು, ಒಳಗೆ ಎಲೆ ತೊಳೆದಿಟ್ಟು ಕಾಯುತ್ತಿದ್ದರು. ಬರಿಗೈ ನೋಡಿ ಅವರಿಗೆ ಗೊತ್ತಾಯಿತು. ಏನಾಯಿತೆಂದು ನಾನು ಹೇಳಿದೆ.

"ಇಷ್ಟು ವರ್ಷ ಬಾಯಿ ಮುಚ್ಚಿ ಇದ್ದವಳಿಗೆ ಇನ್ನೊಂದು ಅರ್ಧ ದಿನ ಆಗಲಿಲ್ಲವಾ? ಯಾರೋ ಏನೋ ಹೇಳಿದರೆ ಹೇಳಲಿ. ಮಗ ಒಳಗೆ ಇರ್ತಿದ್ದ" ಎಂದರು ಮಾವ.

"ಕುಡುಕ ಎಂದು ಹೇಳಿಸಿಕೊಂಡು ಒಳಗೆ ಬಂದು ಎಂತ ಮಾಡುವುದು ಅಣ್ಣ?" ಎಂದಳು ಅಮ್ಮ. ಒಳಗೆ ಹೋಗಿ, ತೊಳೆದಿಟ್ಟ ಎಲೆಯನ್ನು ತೆಗೆದು ಹೊರಗೆ ತಂದು, ಮೆಟ್ಟಿಲಲ್ಲಿ ಹಾಕಿ ಬಡಿಸಿದಳು. ಮಾಡಿದ ಅಡಿಗೆ ಹಾಳಾಗಬಾರದಲ್ಲ. ಅಂದು ಮಳೆ ಇರಲಿಲ್ಲ. ಆದರೂ ಕೊಡೆ ಬಿಡಿಸಿ ಇಟ್ಟಳು.

ಮುಂದಿನ ವರ್ಷ ಆ ಗೈಡ್ ನಮ್ಮ ಅಂಗಡಿಗೆ ಬಂದಿದ್ದ. ಈಗ ಸರಿಯಾಗಿ ಹೇಳ್ತೇನೆ ಅಕ್ಕ, ಹೇಳಿ ಮುಗಿಸಿದರೆ ಯಾರೂ ನಗುವುದಿಲ್ಲ, ಅಮ್ಮನಿಗೆ ತಿಳಿಸಿ ಎಂದ. ತಿಳಿಸಿದೆ. ಅಮ್ಮ ಬೀಡಿ ಎಲೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸಿ, "ನೀರು ಇತ್ತು ಎಂದು ಹೇಳ್ತಾನಂತಾ?" ಎಂದು ಕೇಳಿದಳು. ಹೌದು ಎಂದೆ. ಮತ್ತೆ ಕತ್ತರಿಸತೊಡಗಿದಳು.

ಅದಾಗಿ ಕೆಲವು ವರ್ಷಕ್ಕೆ ಅವಳೂ ಹೋದಳು. ಉಬ್ಬಸ ಜೋರಾಗಿ ಉಡುಪಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ನನ್ನನ್ನು ಒಳಗೆ ಕರೆಯಬೇಡ. ಅವನೊಬ್ಬನೇ ಹೊರಗೆ ಇದ್ದಾನೆ" ಎಂದಳು.

"ಹಾಗಾದರೆ ನಾನು?" ಎಂದೆ. ಸಿಟ್ಟೇ ಬಂದಿತ್ತು ನನಗೆ. ಸಾಯುವಾಗಲೂ ಮಗನೇ ಬೇಕು ಇವಳಿಗೆ ಎಂದು.

ಅವಳು ನನ್ನ ಕೆನ್ನೆ ಮುಟ್ಟಿ, "ನಿನಗೆ ಮನೆ ಉಂಟಲ್ವಾ ಮಗಾ" ಎಂದಳು.

ಉತ್ತರಕ್ರಿಯೆಯ ದಿನ ನೆಂಟರೆಲ್ಲ ಅಂಗಳದಲ್ಲಿ ಸೇರಿದ್ದರು. ಮಾವ ದೀಪವನ್ನು ನನ್ನ ಕೈಗೆ ಕೊಟ್ಟು, ಬಾಗಿಲಲ್ಲಿ ನಿಲ್ಲಿಸಿ, "ಕರೆ ಮಗಾ" ಎಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದೇ ಮಾತು. ಅಮ್ಮಾ ಒಳಗೆ ಬಾ ಎಂದರೆ ಸಾಕಿತ್ತು. ಬರುತ್ತಿದ್ದಳು, ನಾನು ಕರೆದರೆ ಒಲ್ಲೆ ಎನ್ನುವವಳಲ್ಲ ಅವಳು. ಕರೆದಿದ್ದರೆ ಇವತ್ತಿಗೂ ಒಳಕೋಣೆಯಲ್ಲಿ ಇರುತ್ತಿದ್ದಳು, ನನ್ನ ಜೊತೆ. ನಾನು ಬಾಯಿ ತೆರೆಯಲಿಲ್ಲ. ಮಾವ ಇನ್ನೊಂದು ಸಲ ಹೇಳಿದರು. ಮತ್ತೆ ನನ್ನ ಮುಖ ನೋಡಿ, ಏನನ್ನೂ ಕೇಳದೆ, ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ ಆ ಕಪ್ಪು ಕೊಡೆಯನ್ನು ತಂದರು.

ಈಗ ಆಟಿಯಲ್ಲಿ ಮೆಟ್ಟಿಲ ಮೇಲೆ ಎರಡು ಎಲೆ ಹಾಕುತ್ತೇನೆ, ಒಂದಕ್ಕೊಂದು ತಾಗುವ ಹಾಗೆ, ಕೊಡೆ ಎರಡಕ್ಕೂ ಆಗಬೇಕಲ್ಲ. ಬಡಿಸಿ ಮುಗಿದ ಮೇಲೆ ಒಳಗೆ ಬಂದು ಬಾಗಿಲು ಮುಚ್ಚುತ್ತೇನೆ. ಹೊರಗೆ ಕೊಡೆಯ ಮೇಲೆ ಮಳೆ ಬೀಳುವುದು ಕೇಳಿಸುತ್ತದೆ. ಅವರಿಬ್ಬರೂ ಉಂಡು ಏಳುವಷ್ಟು ಹೊತ್ತು, ಕರೆಯದೆ, ನಾನು ಒಳಗೆ ಕೂತಿರುತ್ತೇನೆ.